ಗುಂಡನ ಮೈಗೆ ಹುಷಾರಿಲ್ಲ

ವಿಜಯವಾಡದ ನನ್ನ ಅಕ್ಕನ ಮನೆಯಲ್ಲಿ ಏ.ಸಿ. ಇರುವ ಕೋಣೆ ಒಂದೇ. ಅದು ಗುಂಡನದು. ಮೇ ತಿಂಗಳು ಬಂತೆಂದರೆ ಭಾವನೂ ಚಾಪೆ ಸುತ್ತಿಕೊಂಡು ಅಲ್ಲಿಗೇ ಹೋಗಿಬಿಡುತ್ತಾರೆ. ಕೇಳಿದರೆ, "ಪಾಪ, ಮೂಕಪ್ರಾಣಿ, ರಾತ್ರಿ ಯಾರಾದರೂ ಜೊತೆಗಿರಬೇಡವೇ?" ಎನ್ನುತ್ತಾರೆ.

ಗುಂಡ ಒಂದು ಆಕ್ಸೊಲಾಟಲ್. ಸಲಮಾಂಡರ್ ಕುಲ, ಮೂಲ ಊರು ಮೆಕ್ಸಿಕೋ ನಗರದ ಸೊಚಿಮಿಲ್ಕೊ ಕಾಲುವೆಗಳು. ವಯಸ್ಸಿಗೆ ಬಂದರೂ ಗೊದಮೊಟ್ಟೆತನ ಬಿಡದೆ, ಕತ್ತಿನ ಎರಡೂ ಕಡೆ ಮೂರು ಮೂರು ಕಿವಿರು ಗರಿಗಳನ್ನು ಹೊರಗೇ ಇಟ್ಟುಕೊಂಡು ಆಯುಷ್ಯವನ್ನೆಲ್ಲ ನೀರಿನಲ್ಲೇ ಕಳೆಯುವ ಜಾತಿ. ನೀರು 16ರಿಂದ 18 ಡಿಗ್ರಿಯಲ್ಲಿದ್ದರೆ ಅವನಿಗೆ ಸುಖ. ಬೆಜವಾಡದ, ಅಂದರೆ ವಿಜಯವಾಡದ, ಬೇಸಿಗೆಯೋ 45ಕ್ಕೂ ಹಿಂಜರಿಯುವುದಿಲ್ಲ.

ಇವನಿಗೆ ಹುಷಾರಿಲ್ಲವೆಂದು ಮುಖ ನೋಡಿ ತಿಳಿಯಲಾಗದು. ಬಾಯಿಯ ಆಕಾರವೇ ಹಾಗಿರುವುದರಿಂದ, ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರಂತೆ ಎಂಥ ಸಂಕಟದಲ್ಲೂ ನಗುತ್ತಲೇ ಇರುತ್ತಾನೆ. ನೋಡಬೇಕಾದ್ದು ಕಿವಿರನ್ನು. ಅವು ಮುಂದಕ್ಕೆ ಬಾಗಿ ನಿಂತರೆ ಫಿಲ್ಟರಿನ ನೀರು ರಭಸವಾಗಿದೆ, ಇಲ್ಲವೇ ನೀರೇ ಕೆಟ್ಟಿದೆ. ಬಾಲದ ತುದಿ ಕೊಕ್ಕೆಯಾದರೂ ಅದೇ ದೂರು. ಗರಿಗಳ ಮೇಲೆ ಬಿಳಿ ಹತ್ತಿಯಂಥದ್ದು ಕಂಡರೆ ಬೂಷ್ಟು. ಎರೆಹುಳುವನ್ನು ಕಂಡೂ ಮುಖ ತಿರುಗಿಸಿದರೆ ಮೊದಲು ಥರ್ಮಾಮೀಟರ್ ನೋಡಬೇಕು, ತೊಟ್ಟಿಯದು. ಕೆಳಗಿಳಿಯಲಾರದೆ ತೇಲುತ್ತಿದ್ದರೆ ಗಾಳಿ ನುಂಗಿರಬಹುದು, ಮಲಬದ್ಧತೆಯಿರಬಹುದು, ಕಲ್ಲೇ ನುಂಗಿರಲೂಬಹುದು. ಅಗಿದು ತಿನ್ನುವ ಪದ್ಧತಿ ಅವನದಲ್ಲ. ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತಾನೆ. ಹಾಗಾಗಿ ತೊಟ್ಟಿಯ ತಳಕ್ಕೆ ಚೆಂದದ ಕಲ್ಲು ಹಾಸುವುದೆಂದರೆ ಊಟದ ತಟ್ಟೆಗೇ ಕಲ್ಲು ಬಡಿಸಿದ ಲೆಕ್ಕ.

ಕಿವಿರಿಗೆ ಬೂಷ್ಟು ಬಂದ ವಾರ ಅಕ್ಕಪಕ್ಕದವರೆಲ್ಲ ವೈದ್ಯರಾದರು. ಒಬ್ಬರು ಅರಿಶಿನ ಎಂದರು, ಇನ್ನೊಬ್ಬರು ಬೇವಿನ ರಸ, ಮೂರನೆಯವರು ದೃಷ್ಟಿ ತೆಗೆಯಿರಿ ಎಂದರು. ಮೂರರಲ್ಲಿ ನಿರಪಾಯವಾದದ್ದು ದೃಷ್ಟಿ ತೆಗೆಯುವುದೊಂದೇ. ಗುಂಡನ ತೆಳು ಚರ್ಮ ನೀರಿಗೆ ಬಿದ್ದದ್ದನ್ನೆಲ್ಲ ಹೀರಿಕೊಳ್ಳುತ್ತದೆ. ರೋಗಿ ಗುಂಡನಾದರೂ ಮದ್ದು ಬೇಕಾದ್ದು ನೀರಿಗೆ: ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿಯಬೇಕು, ನಲ್ಲಿ ನೀರಿನ ಕ್ಲೋರಿನ್ ಹೋಗಬೇಕು, ಸ್ವಲ್ಪ ಸ್ವಲ್ಪವೇ ನೀರು ಬದಲಿಸಬೇಕು. ಅಷ್ಟಕ್ಕೂ ಜಗ್ಗದಿದ್ದರೆ ಬೇರೆ ಪಾತ್ರೆಯಲ್ಲಿ ಅಳೆದ ಉಪ್ಪುನೀರಿನ ಸ್ನಾನ, ಕೆಲವೇ ನಿಮಿಷ, ಅದೂ ಪಶುವೈದ್ಯರನ್ನು ಕೇಳಿಕೊಂಡು. ಕಚ್ಚಾಡಿ ಬೆರಳು ಹೋಯಿತೆಂದು ಅಳುವ ಅಗತ್ಯ ಮಾತ್ರ ಇಲ್ಲ. ಅದು ಮತ್ತೆ ಬೆಳೆಯುತ್ತದೆ. 1864ರಲ್ಲಿ ಮೆಕ್ಸಿಕೋದಿಂದ ಪ್ಯಾರಿಸಿಗೆ ಹೋದ 34 ಆಕ್ಸೊಲಾಟಲ್‌ಗಳ ಸಂತತಿಯನ್ನು ವಿಜ್ಞಾನಿಗಳು ಇಷ್ಟು ಕಾಲ ಸಾಕಿಕೊಂಡು ಬಂದಿರುವುದೂ ಸುಮ್ಮನೆ ಅಲ್ಲ.

ನಾನಿರುವುದು ವಿಶಾಖಪಟ್ಟಣದಲ್ಲಿ. ಇಲ್ಲಿ ಸಿಂಹಾಚಲದ ನರಸಿಂಹಸ್ವಾಮಿಯೇ ಅಕ್ಷಯ ತೃತೀಯದ ಹೊರತು ವರ್ಷವಿಡೀ ತಣ್ಣನೆಯ ಗಂಧದ ಲೇಪದಲ್ಲಿರುತ್ತಾನೆ. ಇನ್ನು ಗುಂಡನಂಥವರ ಪಾಡೇನು? ತೊಟ್ಟಿಯ ಮೇಲೆ ಫ್ಯಾನ್ ಬೀಸಿದರೆ ನೀರು ಆವಿಯಾಗಿ ತಂಪಾಗುತ್ತದೆ ಎಂಬ ಉಪಾಯ ಬೆಜವಾಡದ ಒಣ ಮಧ್ಯಾಹ್ನ ಕೆಲವು ಡಿಗ್ರಿ ಇಳಿಸಿಕೊಡುತ್ತದೆ. ಕಡಲ ತೇವ ತುಂಬಿದ ವಿಶಾಖದ ಗಾಳಿಯಲ್ಲಿ ನಮ್ಮ ಒಗೆದ ಬಟ್ಟೆಯೇ ಒಣಗದು, ತೊಟ್ಟಿಯ ನೀರು ಎಲ್ಲಿಂದ ಆವಿಯಾದೀತು! ಎರಡೂ ಊರಿಗೆ ಕೊನೆಗೆ ನೀರು ತಂಪಾಗಿಸುವ ಚಿಲ್ಲರ್ ಯಂತ್ರವೇ ಗತಿ. ಐಸ್‌ಗಡ್ಡೆ ಸುರಿದು ಒಮ್ಮೆಲೇ ತಣ್ಣಗೆ ಮಾಡಿದರೆ ಅದೂ ದೊಡ್ಡ ಆಘಾತವೇ.

ತೀರಾ ಬಳಲಿದ ಆಕ್ಸೊಲಾಟಲನ್ನು ಡಬ್ಬಿಯಲ್ಲಿ ನೀರು ಹಾಕಿ ಫ್ರಿಜ್ಜಿನಲ್ಲಿಡುವುದೂ ಉಂಟು. ವೈದ್ಯರು ಹೇಳಿದ್ದರಿಂದ ಅಕ್ಕ ಹಾಗೆ ಇಟ್ಟಿದ್ದಳು, ಗೋಂಗೂರ ಉಪ್ಪಿನಕಾಯಿಯ ಪಕ್ಕದಲ್ಲಿ. ಮಜ್ಜಿಗೆಗೆಂದು ಬಾಗಿಲು ತೆರೆದ ಬೀಗರು ಅಂದಿನಿಂದ ಅಕ್ಕನ ಮನೆಯಲ್ಲಿ ಕಾಫಿ ಮಾತ್ರ ಕುಡಿಯುತ್ತಾರೆ.

ಮೈಯಷ್ಟೇ ಅಲ್ಲ, ಕಾಗದಪತ್ರವೂ ನೆಟ್ಟಗಿರಬೇಕು. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಯಾದ್ದರಿಂದ, 2024ರ ನಿಯಮದಂತೆ ಸಾಕುವವರು ಸರ್ಕಾರದ ಪರಿವೇಶ್ ತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೂ ತಿಳಿಸಬೇಕು. ಒಂದೇ ಸಲಕ್ಕೆ ನೂರಾರು ಮೊಟ್ಟೆಯಿಡುವ ಜಾತಿ. ಅದಕ್ಕೇ ಗುಂಡನಿಗೆ ಹೆಣ್ಣು ನೋಡೋಣವೆಂದು ಭಾವ ಬಾಯಿ ತೆರೆದಾಗಲೆಲ್ಲ, ಫಾರಮ್ ತುಂಬುವವರು ಯಾರೆಂದು ಅಕ್ಕ ಕೇಳುತ್ತಾಳೆ.