ಸಮುದ್ರಲಂಘನ ಮೀಮಾಂಸೆ: ಐರ್ಲೆಂಡ್ ಕಾಂಡ

ಶಾಸ್ತ್ರಗ್ರಂಥಕ್ಕೆ ಮಂಗಳಾಚರಣೆ ಇರಬೇಕು. ಆದರೆ ಈ ಗ್ರಂಥದ ಅಧಿದೇವತೆ ಡಬ್ಲಿನ್ ಬಂದರಿನಿಂದ ಹಾಲಿಹೆಡ್‌ಗೆ ಹೋಗುವ ಹಡಗು. ಅದು ಹೊರಡುವ ಹೊತ್ತು ಮೀರಬಾರದೆಂದು ನೇರವಾಗಿ ಅನುಬಂಧ ಚತುಷ್ಟಯಕ್ಕೆ ಬರುತ್ತೇವೆ. ವಿಷಯ: ಗರ್ಭಸ್ಥ ಜೀವದ ರಕ್ಷಣೆ. ಪ್ರಯೋಜನ: ರಾಷ್ಟ್ರದ ಆತ್ಮಶುದ್ಧಿ. ಅಧಿಕಾರಿ: ಗಂಡಸರು ಎಂದು ಪ್ರಾಚೀನರ ಮತ, ನವೀನರಲ್ಲೂ ಈ ಬಗ್ಗೆ ದೊಡ್ಡ ಭಿನ್ನಾಭಿಪ್ರಾಯ ಕಾಣುವುದಿಲ್ಲ. ಮೇಲಿನ ಮೂರಕ್ಕೂ ಪರಸ್ಪರ ಸಂಬಂಧ: ಹುಡುಕಲಾಗುತ್ತಿದೆ.

ಪ್ರಥಮ ಸೂತ್ರ: ಗರ್ಭೋ ದೇಶಾಧೀನಃ.

ವೃತ್ತಿ. ಗರ್ಭದ ಪಾವಿತ್ರ್ಯವು ಅದನ್ನು ಹೊತ್ತವಳು ಯಾವ ನೆಲದ ಮೇಲೆ ನಿಂತಿದ್ದಾಳೆ ಎಂಬುದನ್ನು ಅವಲಂಬಿಸಿರುತ್ತದೆ. 1983ರ ಸೆಪ್ಟೆಂಬರ್ 7ರಂದು ಐರ್ಲೆಂಡಿನ ಮತದಾರರು ಶೇ 66.9ರಷ್ಟು ಬಹುಮತದಿಂದ ತಮ್ಮ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿಸಿದರು. ಹುಟ್ಟಲಿರುವ ಜೀವಕ್ಕೂ ಅದರ ತಾಯಿಗೂ ಬದುಕುವ ಹಕ್ಕು ಸಮಸಮ ಎಂಬುದು ಅದರ ತಾತ್ಪರ್ಯ.

ಶಂಕೆ: ಗರ್ಭಪಾತ 1861ರ ಕಾಯ್ದೆಯ ಕಾಲದಿಂದಲೂ ಅಲ್ಲಿ ಅಪರಾಧವೇ ಆಗಿತ್ತಲ್ಲ, ನಿಷಿದ್ಧವನ್ನು ಮತ್ತೆ ನಿಷೇಧಿಸುವುದೇಕೆ? ಸಮಾಧಾನ: ಪುನರುಕ್ತಿ ಕಾವ್ಯದಲ್ಲಿ ದೋಷ, ರಾಜಕಾರಣದಲ್ಲಿ ಅಲಂಕಾರ.

ಇಷ್ಟೆಲ್ಲ ಆದಮೇಲೆ ಗರ್ಭಪಾತ ನಿಂತಿತೇ ಎಂದರೆ, ಐರ್ಲೆಂಡಿನಲ್ಲಿ ಖಂಡಿತ ನಿಂತಿತು. ಐರಿಷ್ ಹೆಂಗಸರಲ್ಲಿ ನಿಲ್ಲಲಿಲ್ಲ. ಬ್ರಿಟನ್ನಿನಲ್ಲಿ 1967ರ ಕಾನೂನು ಇತ್ತು, ನಡುವೆ ಒಂದಿಷ್ಟು ಉಪ್ಪುನೀರು ಇತ್ತು, ಅದರ ಮೇಲೆ ಹಡಗು ಇತ್ತು. 1980ರಿಂದ 2016ರವರೆಗೆ ಐರ್ಲೆಂಡಿನ ವಿಳಾಸ ಬರೆಸಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಗರ್ಭಪಾತ ಮಾಡಿಸಿಕೊಂಡವರು 1.6 ಲಕ್ಷಕ್ಕೂ ಹೆಚ್ಚು. 2016 ಒಂದರಲ್ಲೇ 3,265. ಅಕ್ಕನ ವಿಳಾಸವನ್ನೋ ಗೆಳತಿಯ ವಿಳಾಸವನ್ನೋ ಕೊಟ್ಟವರು ಈ ಲೆಕ್ಕಕ್ಕೆ ಸಿಕ್ಕಿಲ್ಲ.

ದ್ವಿತೀಯ ಸೂತ್ರ: ಸಮುದ್ರಃ ಶೋಧಕಃ.

ಇಲ್ಲಿ ನಮ್ಮ ಧರ್ಮಶಾಸ್ತ್ರಜ್ಞರು ಬೆಚ್ಚಿಬೀಳುವುದು ಸಹಜ. ಕಲಿಯುಗದಲ್ಲಿ ಮಾಡಬಾರದ್ದನ್ನು ಹೇಳುವ ಕಲಿವರ್ಜ್ಯ ಪ್ರಕರಣದಲ್ಲಿ ಸಮುದ್ರಯಾನವೇ ನಿಷಿದ್ಧ. ಲಂಡನ್ನಿಗೆ ಓದಲು ಹೊರಟನೆಂದು 1888ರಲ್ಲಿ ಮೋಹನದಾಸ ಗಾಂಧಿಯನ್ನು ಮುಂಬಯಿಯಲ್ಲಿ ಅವರ ಜಾತಿಯ ಹಿರಿಯರು ಹೊರಹಾಕಿದರು. ಅಷ್ಟು ಹಿಂದೆ ಯಾಕೆ, ವಿದೇಶಕ್ಕೆ ಹೋಗಿಬಂದ ಯತಿ ಕೃಷ್ಣನ ಮೂರ್ತಿಯನ್ನು ಮುಟ್ಟಬಹುದೇ ಎಂಬ ವಾದ ಉಡುಪಿಯಲ್ಲಿ 2008ರ ಪುತ್ತಿಗೆ ಮಠದ ಪರ್ಯಾಯದ ಹೊತ್ತಿನಲ್ಲಿ ಎಷ್ಟು ಬಿಸಿಯಾಗಿತ್ತೆಂಬುದು ಪತ್ರಿಕೆ ಓದುವವರಿಗೆಲ್ಲ ನೆನಪಿದೆ. ನಮ್ಮಲ್ಲಿ ಸಮುದ್ರ ದಾಟಿದರೆ ದೋಷ. ಐರ್ಲೆಂಡಿನಲ್ಲಿ ಸಮುದ್ರ ದಾಟಿದರೆ ದೋಷಪರಿಹಾರ. ನೀರು ಮಾತ್ರ ಎರಡು ಕಡೆಯೂ ಉಪ್ಪೇ.

ಈ ಸೂತ್ರಕ್ಕೆ ಪೂರ್ವರಂಗವೂ ಉಂಟು. ಗರ್ಭಪಾತ ಹಾಗಿರಲಿ, ಗರ್ಭ ನಿಲ್ಲದಂತೆ ನೋಡಿಕೊಳ್ಳುವ ಸಾಧನಗಳ ಮಾರಾಟವೂ ಅಲ್ಲಿ ನಿಷಿದ್ಧವಾಗಿತ್ತು. 1971ರ ಮೇ 22ರಂದು ಮಹಿಳಾ ವಿಮೋಚನಾ ಚಳವಳಿಯ ಒಂದು ಗುಂಪು ಡಬ್ಲಿನ್‌ನಿಂದ ರೈಲು ಹತ್ತಿ, ಬ್ರಿಟಿಷ್ ಆಡಳಿತದಲ್ಲಿದ್ದ ಬೆಲ್‌ಫಾಸ್ಟ್‌ಗೆ ಹೋಯಿತು. ನಿಷಿದ್ಧ ವಸ್ತುಗಳನ್ನು ಕೊಂಡು, ವಾಪಸು ಬಂದು ಕಸ್ಟಮ್ಸ್‌ನವರ ಕಣ್ಣಮುಂದೆಯೇ ಕಾನೂನು ಮುರಿಯುವುದೆಂದು ಸಂಕಲ್ಪ. ಅಂಗಡಿಯಲ್ಲಿ ಗರ್ಭನಿರೋಧಕ ಗುಳಿಗೆ ಕೇಳಿದರೆ ವೈದ್ಯರ ಚೀಟಿ ಎಲ್ಲಿ ಎಂದರು. ಚೀಟಿ ಇರಲಿಲ್ಲ. ಸರಿ, ಆಸ್ಪಿರಿನ್ ಕೊಂಡರು. ಡಬ್ಲಿನ್ ನಿಲ್ದಾಣದಲ್ಲಿ ಇಳಿದು, ಅಧಿಕಾರಿಗಳ ಎದುರೇ ಗಂಭೀರವಾಗಿ ಅದನ್ನು ನುಂಗಿ ತೋರಿಸಿದರು. ತಡೆಯಬೇಕಾದ ಗುಳಿಗೆ ಹೇಗಿರುತ್ತದೆಂದು ಅಧಿಕಾರಿಗಳಿಗೇ ಗೊತ್ತಿರಲಿಲ್ಲ. ತಲೆನೋವಿನ ಮಾತ್ರೆ ರಾಷ್ಟ್ರದ ನೈತಿಕತೆಗೆ ಇಷ್ಟು ದೊಡ್ಡ ತಲೆನೋವಾದ ಬೇರೆ ಪ್ರಸಂಗ ನಮಗೆ ಸಿಕ್ಕಿಲ್ಲ. ಭಾರತದ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು ಒಪ್ಪಿದ್ದೂ ಅದೇ 1971ರಲ್ಲಿ. ಈ ಇಸವಿಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಂಡಿರಲಿ.

ಸಿದ್ಧಾಂತಕ್ಕೆ ನಿಜವಾದ ಪರೀಕ್ಷೆ ಬಂದದ್ದು 1992ರಲ್ಲಿ. ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ತಂದೆತಾಯಿ ಇಂಗ್ಲೆಂಡಿಗೆ ಕರೆದೊಯ್ಯಲು ಹೊರಟರು. ಇಲ್ಲಿಗೆ ಸಿದ್ಧಾಂತಕ್ಕೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಆ ದಂಪತಿ ಸಜ್ಜನರು. ಭ್ರೂಣದ ಅಂಶವನ್ನು ಅಪರಾಧಿಯ ವಿರುದ್ಧ ಸಾಕ್ಷ್ಯವಾಗಿ ಇಟ್ಟುಕೊಳ್ಳಬಹುದೇ ಎಂದು ಪೊಲೀಸರನ್ನೇ ಕೇಳಿಬಿಟ್ಟರು. ಹೇಳದೆ ಹೋದ ಸಾವಿರಾರು ಜನರನ್ನು ಯಾರೂ ಕೇಳಲಿಲ್ಲ, ಕೇಳಿ ಹೋದವರನ್ನು ಅಟಾರ್ನಿ ಜನರಲ್ ತಡೆದರು. ಹುಡುಗಿ ಒಂಬತ್ತು ತಿಂಗಳು ದೇಶ ಬಿಡಕೂಡದು ಎಂದು ಹೈಕೋರ್ಟ್ ಹೇಳಿತು. ಬೀದಿಗಳಲ್ಲಿ ಜನ ಸೇರಿದರು. ಅವಳು ಪ್ರಾಣ ಕಳೆದುಕೊಳ್ಳುವ ಅಪಾಯ ನಿಜವಾದದ್ದು ಎಂದು ಕಂಡು ಸುಪ್ರೀಂ ಕೋರ್ಟ್ ಆ ತಡೆ ತೆಗೆಯಿತು.

ಆ ನವೆಂಬರ್‌ನಲ್ಲಿ ದೇಶ ಮತ್ತೆ ಮತಗಟ್ಟೆಗೆ ಹೋಯಿತು. ಹೊರದೇಶಕ್ಕೆ ಪ್ರಯಾಣಿಸುವ ಸ್ವಾತಂತ್ರ್ಯವನ್ನು ಎಂಟನೇ ತಿದ್ದುಪಡಿ ಮೊಟಕುಗೊಳಿಸುವುದಿಲ್ಲ ಎಂದು ಹದಿಮೂರನೇ ತಿದ್ದುಪಡಿ ಅಂಗೀಕಾರವಾಯಿತು. ಜಗತ್ತಿನ ಸಂವಿಧಾನಗಳಲ್ಲೇ ಇದು ಅಪೂರ್ವ ರತ್ನ. ಒಂದೇ ವಿಧಿಯ ಮೊದಲ ವಾಕ್ಯ ಕೊಲೆ ಎನ್ನುತ್ತದೆ, ಮುಂದಿನ ವಾಕ್ಯ ಟಿಕೆಟ್ ಕೌಂಟರ್ ತೋರಿಸುತ್ತದೆ. 2013ರ ಕಾಯ್ದೆ ಬಂದ ಮೇಲಂತೂ ಲೆಕ್ಕ ಇನ್ನೂ ಸ್ಫುಟವಾಯಿತು: ಅದೇ ಕೆಲಸಕ್ಕೆ ಡಬ್ಲಿನ್‌ನಲ್ಲಿ ಹದಿನಾಲ್ಕು ವರ್ಷದವರೆಗೆ ಜೈಲು, ಲಿವರ್‌ಪೂಲ್‌ನಲ್ಲಿ ಸಾಂವಿಧಾನಿಕ ರಕ್ಷಣೆ.

ಪ್ರಾಮಾಣಿಕರ ಮಾತನ್ನೂ ಇಲ್ಲಿ ದಾಖಲಿಸಬೇಕು. ಗರ್ಭಪಾತ ವಿರೋಧಿಗಳಲ್ಲೇ ಹಲವರು ಈ ಪ್ರಯಾಣ ತಿದ್ದುಪಡಿಯನ್ನು ವಿರೋಧಿಸಿದ್ದರು. ಜೀವ ಎಂದಮೇಲೆ ಎಲ್ಲಿದ್ದರೂ ಜೀವವೇ, ಹಡಗು ಹತ್ತಿದೊಡನೆ ಅದು ಬೇರೇನೋ ಆಗುವುದಿಲ್ಲ ಎಂದು ಅವರ ವಾದ. ಅವರನ್ನು ಒಪ್ಪಬೇಕಿಲ್ಲ, ಆದರೆ ಆ ಇಡೀ ಸಭೆಯಲ್ಲಿ ಹಿಂದೆ ಹೇಳಿದ್ದಕ್ಕೂ ಮುಂದೆ ಹೇಳಿದ್ದಕ್ಕೂ ತಾಳೆಯಾಗುವಂತೆ ಮಾತಾಡಿದವರು ಅವರೇ. ಆದ್ದರಿಂದ ಸೋತರು. ಬಹುಮತಕ್ಕೆ ಬೇಕಾಗಿದ್ದದ್ದು ಜೀವವಲ್ಲ, ನೆಲದ ಮಡಿ. ಮಡಿಗೆ ಸಾಕಾಗುವುದು ಮುಟ್ಟದೆ ಇರುವುದು. ಪಕ್ಕದ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ.

ಅದೇ 1992ರ ಮೇ ತಿಂಗಳಲ್ಲಿ ದ್ವಿತೀಯ ಸೂತ್ರಕ್ಕೆ ಅನಿರೀಕ್ಷಿತ ಕಡೆಯಿಂದ ಪುಷ್ಟಿ ಸಿಕ್ಕಿತು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಗಾಲ್ವೇ ನಗರದ ಕುದುರೆ ಓಟದ ಮೈದಾನದಲ್ಲಿ ಯುವಜನರಿಗೆ ಪೂಜೆ ನಡೆಸಿದಾಗ ಜನಸ್ತೋಮವನ್ನು ಹುರಿದುಂಬಿಸಿದ್ದ ಗಾಲ್ವೇ ಬಿಷಪ್ ಈಮನ್ ಕೇಸಿಯವರಿಗೆ ಅಮೆರಿಕದಲ್ಲಿ ಹದಿಹರೆಯದ ಮಗನೊಬ್ಬ ಇದ್ದಾನೆಂದು ಬಯಲಾಯಿತು. ಅವರು ರಾಜೀನಾಮೆ ಕೊಟ್ಟು ಎಕ್ವಡಾರ್‌ಗೆ ಹೋದರು. ಪ್ರಾಯಶ್ಚಿತ್ತಕ್ಕೆ ಸಮುದ್ರವೇ ಗತಿ ಎಂಬುದರಲ್ಲಿ ಮಾತ್ರ ಅಲ್ಲಿ ಹೆಣ್ಣುಗಂಡೆಂಬ ಭೇದವಿರಲಿಲ್ಲ.

ತೃತೀಯ ಸೂತ್ರ: ಜಾತಸ್ಯ ನ.

ಹುಟ್ಟಿದ್ದಕ್ಕೆ ಅನ್ವಯಿಸುವುದಿಲ್ಲ. ನಾಲ್ಕೇ ಅಕ್ಷರದ ಈ ಸೂತ್ರಕ್ಕೆ ಉದಾಹರಣೆ ಅದೇ ಗಾಲ್ವೇ ಕೌಂಟಿಯ ಟ್ಯೂಮ್ ಎಂಬ ಊರು. 1925ರಿಂದ 1961ರವರೆಗೆ ಅಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ತಾಯಿ-ಮಗುವಿನ ಆಶ್ರಮವೊಂದಿತ್ತು. ಮದುವೆಯಾಗದೆ ಬಸುರಾದವರನ್ನು ಊರ ಕಣ್ಣಿಗೆ ಬೀಳದಂತೆ ಅಲ್ಲಿಗೆ ಕಳುಹಿಸುತ್ತಿದ್ದರು. ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರಿನ್ ಕಾರ್ಲೆಸ್ ಹಳೆಯ ದಾಖಲೆ ಕೆದಕಿ 796 ಮಕ್ಕಳ ಮರಣಪತ್ರ ಹುಡುಕಿ ತೆಗೆದರು. ಅವರಲ್ಲಿ ಹೆಚ್ಚಿನವರನ್ನು ಹೂಳಿದ ದಾಖಲೆ ಹುಡುಕಿದರೆ ಸಿಗಲಿಲ್ಲ. 2017ರಲ್ಲಿ ತನಿಖಾ ಆಯೋಗಕ್ಕೆ ನೆಲದಡಿಯ ಕೋಣೆಗಳಲ್ಲಿ ಶಿಶುಗಳ ಅವಶೇಷ ಸಿಕ್ಕಿತು. ಆ ಕಟ್ಟಡ ಚರಂಡಿ ವ್ಯವಸ್ಥೆಗೆ ಸಂಬಂಧಿಸಿದ್ದಿರಬಹುದೆಂದು ಆಯೋಗವೇ ಹೇಳಿತು. ಈ ಮಕ್ಕಳು ಗರ್ಭದಲ್ಲಿದ್ದಾಗ ಕಾನೂನು ಅವರನ್ನು ಚೆನ್ನಾಗಿಯೇ ಕಾಪಾಡಿತ್ತು.

ಚತುರ್ಥ ಸೂತ್ರ: ಅಶಕ್ತಸ್ಯ ದಂಡಃ.

ಸಮುದ್ರ ಶೋಧಕವಾದರೆ, ಸಮುದ್ರ ದಾಟಲಾರದವರ ಗತಿಯೇನು? ಪಾಸ್‌ಪೋರ್ಟ್ ಇಲ್ಲದವರು, ದುಡ್ಡಿಲ್ಲದವರು, ಮನೆಯಲ್ಲಿ ಹೇಳಲಾಗದವರು. 2014ರಲ್ಲಿ ಆಶ್ರಯ ಬೇಡಿ ಬಂದ ಯುವತಿಯೊಬ್ಬಳು, ತನ್ನ ದೇಶದಲ್ಲಿ ಅತ್ಯಾಚಾರಕ್ಕೊಳಗಾಗಿದ್ದವಳು, ಗರ್ಭಪಾತ ಬೇಕೆಂದು ಕೇಳಿದಳು. ಪ್ರಯಾಣಿಸುವ ಸಾಂವಿಧಾನಿಕ ಹಕ್ಕು ಅವಳಿಗೂ ಇತ್ತು, ಕಾಗದಪತ್ರ ಇರಲಿಲ್ಲ. ಕೊನೆಗೆ ಅವಧಿಗೆ ಬಹಳ ಮೊದಲೇ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಲಾಯಿತು.

ಇನ್ನೊಬ್ಬರು ಸಮುದ್ರ ದಾಟಿ ಐರ್ಲೆಂಡಿಗೇ ಬಂದವರು. ಬೆಳಗಾವಿಯ ಮನೆಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್, ಮೂವತ್ತೊಂದು ವರ್ಷ. ಹದಿನೇಳು ವಾರದ ಗರ್ಭಿಣಿಯಾಗಿ, ಬೆನ್ನುನೋವೆಂದು 2012ರ ಅಕ್ಟೋಬರ್ 21ರಂದು ಗಾಲ್ವೇ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದರು. ಹಾಗಾದರೆ ತೆಗೆದುಬಿಡಿ ಎಂದು ಅವರು ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇತ್ತು, ಆದ್ದರಿಂದ ಆಗುವುದಿಲ್ಲ ಎಂದರು. ಇದು ಕ್ಯಾಥೊಲಿಕ್ ದೇಶ ಎಂದೂ ಅವರಿಗೆ ಹೇಳಲಾಗಿತ್ತು. ಆ ಮಾತಾಡಿದ ಸೂಲಗಿತ್ತಿ ನರ್ಸ್ ಮುಂದೆ ಸಾವಿನ ವಿಚಾರಣೆಯಲ್ಲಿ ಅದನ್ನು ಒಪ್ಪಿಕೊಂಡರು. 24ರಂದು ಬಡಿತ ನಿಂತಿತು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. 28ರಂದು ಸವಿತಾ ತೀರಿಕೊಂಡರು. ಸೋಂಕಿನ ಮೇಲೆ ನಿಗಾ ಇಡುವುದರಲ್ಲಾದ ಲೋಪಗಳನ್ನೂ, ಕಾನೂನಿನ ಬಗ್ಗೆ ವೈದ್ಯರಿಗಿದ್ದ ಅಳುಕನ್ನೂ ತನಿಖಾ ವರದಿ ಬರೆದಿಟ್ಟಿತು. ಬೆಳಗಾವಿಯ ಆಸ್ಪತ್ರೆಯಲ್ಲಾಗಿದ್ದರೆ ಆಗ 1971ರ ಕಾಯ್ದೆಯಡಿ ಇಬ್ಬರು ವೈದ್ಯರ ಅಭಿಪ್ರಾಯ ಸಾಕಿತ್ತು.

ಈ ಭಾಗಕ್ಕೆ ವೃತ್ತಿ ಬರೆಯಲು ಕುಳಿತವರು ಏನೂ ಬರೆಯದೆ ಎದ್ದಿದ್ದಾರೆ. ಟೀಕಾಕಾರರು ಮಾತ್ರ ಒಂದಂಶ ಗುರುತಿಸುತ್ತಾರೆ: ಮೂವತ್ತು ವರ್ಷ ಈ ಸಿದ್ಧಾಂತ ಸುಲಲಿತವಾಗಿ ನಡೆದದ್ದು ಅದು ಸರಿಯಾಗಿದ್ದುದರಿಂದ ಅಲ್ಲ, ಇಂಗ್ಲೆಂಡ್ ಅಲ್ಲಿದ್ದುದರಿಂದ. ಹಾಸಿಗೆ ಬಿಟ್ಟು ಏಳಲಾಗದ ಒಬ್ಬ ಹೆಂಗಸಿನ ಮುಂದೆ ಮಾತ್ರ ಕಾನೂನು ತಾನು ಬರೆದುಕೊಂಡಂತೆಯೇ ಅಕ್ಷರಶಃ ನಡೆಯಬೇಕಾಯಿತು.

2018ರ ಮೇ 25ರಂದು ಎಂಟನೇ ತಿದ್ದುಪಡಿಯನ್ನು ಕಿತ್ತುಹಾಕಲು ಮತದಾನವಾಯಿತು. ಬೆಳಗಾವಿಯಿಂದ ಸವಿತಾ ಅವರ ತಂದೆ ವಿಡಿಯೋದಲ್ಲಿ ಐರಿಷ್ ಮತದಾರರಿಗೆ ಮನವಿ ಮಾಡಿಕೊಂಡರು. ಹೊರದೇಶಗಳಲ್ಲಿ ದುಡಿಯುತ್ತಿದ್ದ ಯುವತಿಯರು ಮತ ಹಾಕಲು ಹಡಗು, ವಿಮಾನ ಹತ್ತಿ ಊರಿಗೆ ಬಂದರು. ಸಮುದ್ರಲಂಘನ ಮೊದಲ ಬಾರಿಗೆ ತಿರುವುಮುರುವಾಯಿತು. ತಿದ್ದುಪಡಿಯನ್ನು ತೆಗೆಯಿರಿ ಎಂದವರು ಶೇ 66.4. ಸೇರಿಸಿದಾಗಿನ ಬಹುಮತಕ್ಕೂ ಇದಕ್ಕೂ ಅರ್ಧ ಶೇಕಡಾ ಅಂತರ. ಸತ್ಯ ಬದಲಾದರೂ ಬಹುಮತ ಬದಲಾಗುವುದಿಲ್ಲ ಎಂದು ಇದರಿಂದ ಸಾಧಿಸಬಹುದು. ಗಣಿತಜ್ಞರು ಬೇಡ ಎನ್ನುತ್ತಿದ್ದಾರೆ.

ಪ್ರಾಸಂಗಿಕವಾಗಿ ಅಮೆರಿಕನ್ ಶಾಖೆಯ ಮಾತು. ಪ್ರಥಮ ಸೂತ್ರವನ್ನು ನೇರವಾಗಿ ನಿರಾಕರಿಸುವ ಧೈರ್ಯ ತೋರಿಸಿದ್ದು ಅಲಬಾಮಾ. ಆಸ್ಪತ್ರೆಯ ಶೀತಲ ಸಂಗ್ರಹಕ್ಕೆ ನುಗ್ಗಿದ ರೋಗಿಯೊಬ್ಬ ಭ್ರೂಣಗಳನ್ನು ಕೈಗೆತ್ತಿಕೊಂಡು, ಥಂಡಿಗೆ ಕೈ ಸುಟ್ಟು, ಕೆಳಗೆ ಬೀಳಿಸಿದ. ಆ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 16ರಂದು ಹೇಳಿತು: ಹುಟ್ಟದ ಮಗು ಎಲ್ಲಿದ್ದರೂ ಮಗುವೇ, ಗರ್ಭದಲ್ಲಿರಲಿ, ಫ್ರೀಜರಿನಲ್ಲಿರಲಿ. ದೇಶಾಧೀನತೆ ಖಂಡಿತವಾಯಿತು ಎಂದು ಮೀಮಾಂಸಕರು ಸಂಭ್ರಮಿಸುವಷ್ಟರಲ್ಲಿ ಪ್ರನಾಳ ಶಿಶು ಚಿಕಿತ್ಸೆಯನ್ನು ಆಸ್ಪತ್ರೆಗಳು ನಿಲ್ಲಿಸಿದವು. ಮಕ್ಕಳಿಗಾಗಿ ಕಾದಿದ್ದ ದಂಪತಿಗಳು, ಅವರಲ್ಲಿ ಆಡಳಿತ ಪಕ್ಷದ ಮತದಾರರೂ ಸಾಕಷ್ಟು, ಗಲಾಟೆ ಮಾಡಿದರು. ಮಾರ್ಚ್ 6ಕ್ಕೆಲ್ಲ ಆಸ್ಪತ್ರೆಗಳಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಮೂರು ವಾರದೊಳಗೆ ಪ್ರಥಮ ಸೂತ್ರ ಪುನಃಪ್ರತಿಷ್ಠಾಪನೆಯಾದಂತಾಯಿತು.

ಐರ್ಲೆಂಡಿಗೆ ಮರಳೋಣ. 2019ರ ಜನವರಿ 1ರಿಂದ ಅಲ್ಲಿ ಹನ್ನೆರಡು ವಾರದವರೆಗೆ ಗರ್ಭಪಾತ ಕಾನೂನುಬದ್ಧ. ಒಂದು ಷರತ್ತು: ವೈದ್ಯರು ಮೊದಲು ನೋಡಿ ಪ್ರಮಾಣಪತ್ರ ಕೊಟ್ಟಮೇಲೆ ಮೂರು ದಿನ ಕಳೆಯಬೇಕು, ಆಮೇಲೆಯೇ ಮಾತ್ರೆ. ಹೆಂಗಸು ಅಲ್ಲಿಯವರೆಗೆ ಯೋಚನೆ ಮಾಡಿಲ್ಲ ಎಂದು ಕಾನೂನು ಭಾವಿಸಿದಂತಿದೆ. ಈ ಕಾಯುವಿಕೆ ಕಡ್ಡಾಯವಾಗಿರುವುದು ಬೇಡವೆಂದು 2023ರ ಪರಿಶೀಲನಾ ವರದಿ ಶಿಫಾರಸು ಮಾಡಿತು.

ಹೆಣ್ಣನ್ನು ಮೂರು ದಿನ ಹೊರಗೆ ಕೂರಿಸುವ ವಿದ್ಯೆಯಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ನಮ್ಮ ಎಷ್ಟೋ ಅಜ್ಜಿಯರು ಅದರಲ್ಲಿ ಸ್ನಾತಕೋತ್ತರ ಪದವೀಧರರು. ಐರಿಷರು ಇದನ್ನು ನಮ್ಮಿಂದ ಕಲಿತರೋ ಸ್ವತಂತ್ರವಾಗಿ ಕಂಡುಕೊಂಡರೋ ಎಂಬುದು ತೌಲನಿಕ ಅಧ್ಯಯನಕ್ಕೆ ಸೂಕ್ತ ವಸ್ತು. ಅನುದಾನ ಬಂದರೆ ಎರಡನೇ ಸಂಪುಟದಲ್ಲಿ ಕೈಗೆತ್ತಿಕೊಳ್ಳುತ್ತೇವೆ. ನಾಲ್ಕನೇ ದಿನ ತಲೆಸ್ನಾನ ಉಂಟೋ ಇಲ್ಲವೋ ಎಂಬುದನ್ನೂ ಅಲ್ಲೇ ನಿರ್ಣಯಿಸಲಾಗುವುದು.