ಬೀಗದ ಕೈ ಪಿ.ಟಿ. ಮೇಷ್ಟ್ರ ಹತ್ತಿರ ಇದೆಯಂತೆ

ನನ್ನ ಮಗ ಓದುವ ಪಿಯು ಕಾಲೇಜಿನ ಆಡಳಿತ ಮಂಡಳಿಯವರಿಗೆ,

ಮೊದಲಿಗೆ ಅಭಿನಂದನೆ. ನಿಮ್ಮಷ್ಟು ಬೇಗ ರೋಗ ಪತ್ತೆಹಚ್ಚುವವರನ್ನು ನಾನು ಎಲ್ಲೂ ಕಂಡಿಲ್ಲ. ಭಾನುವಾರದ ಟೆಸ್ಟಿನಲ್ಲಿ ಫಿಸಿಕ್ಸ್ ನಾಲ್ಕು ಅಂಕ ಇಳಿದರೆ ಸಂಜೆ ಆರಕ್ಕೇ ಮೆಸೇಜು. ಮತ್ತೆ ಇಳಿದರೆ ಫೋನು. ಮೂರನೇ ಸಲಕ್ಕೆ ನಾನು ರಜೆ ಹಾಕಿ ಬಂದು ಪ್ರಿನ್ಸಿಪಾಲರ ಮುಂದೆ ಕೈಕಟ್ಟಿ ನಿಲ್ಲಬೇಕು. ಅಂಕಗಳಿಗೆ ಇಷ್ಟು ಆರೈಕೆ ನಡೆಯುವಾಗ ಹುಡುಗನಿಗೆ ಬೇರೆ ಯಾಕೆ?

ಆದರೂ ಮೊನ್ನೆ ಬಂದಾಗ ಕಾರಿಡಾರಿನ ಕೊನೆಯಲ್ಲಿ 'ಆಪ್ತ ಸಮಾಲೋಚನಾ ಕೊಠಡಿ' ಎಂಬ ಬೋರ್ಡು ಕಂಡು ಹಿಗ್ಗಿದೆ. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದೆ: ಗೋಡೆಯ ಮೇಲೆ 'ನಗುತ್ತಾ ಬಾಳಿ' ಪೋಸ್ಟರು, ಕೆಳಗೆ ಹಳೆಯ ಓಎಂಆರ್ ಶೀಟುಗಳ ಕಟ್ಟು, ಕಾಲು ಮುರಿದ ಬೆಂಚು, ಗಾಳಿ ಹೋದ ವಾಲಿಬಾಲು. ಬೀಗದ ಕೈ ಪಿ.ಟಿ. ಮೇಷ್ಟ್ರ ಹತ್ತಿರವಂತೆ, ಸಮಾಲೋಚಕರೂ ಅವರೇ ಅಂತೆ. "ಎರಡು ರೌಂಡ್ ಓಡಿಸಿದ್ರೆ ಎಲ್ಲ ಸರಿಹೋಗುತ್ತೆ ಸಾರ್" ಎಂದರು.

100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರೊಬ್ಬರು ಇರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಾಬರಿ ಬೇಡ. ಸೆಕ್ಷನ್ನಿಗೆ 99 ಮಕ್ಕಳಂತೆ ಕೂರಿಸಿ, ಸೆಕ್ಷನ್ನಿಗೊಂದು ಕಾಲೇಜಿನ ಬೋರ್ಡು ಹಾಕಿಬಿಡಿ.

ಮಾನಸಿಕ ತೊಂದರೆಗಳಲ್ಲಿ ಮೂರನೇ ಒಂದರಷ್ಟು 14ನೇ ವಯಸ್ಸಿನೊಳಗೇ ಶುರುವಾಗುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ನಿಮ್ಮ ಅಡ್ಮಿಷನ್ನಿಗೂ ಮುಂಚೆ, ನಿಮ್ಮ ತಪ್ಪೇನಿಲ್ಲ. ಹೈಸ್ಕೂಲಿನವರು "ಪಿಯುಸಿಯಲ್ಲಿ ನೋಡ್ಕೋತಾರೆ" ಎಂದಿದ್ದರು. ನೀವು "ನೀಟ್ ಮುಗೀಲಿ" ಎನ್ನುತ್ತೀರಿ.

ನಿಮ್ಮನ್ನೇ ಅಂದು ಏನು ಬಂತು? "ನಿದ್ದೆ ಬರ್ತಿಲ್ಲ ಅಪ್ಪ" ಎಂದು ಮಗ ಫೋನಿನಲ್ಲಿ ಅಂದಾಗ "ಒಳ್ಳೇದೇ ಆಯ್ತು, ಇನ್ನೊಂದು ಚಾಪ್ಟರ್ ಮುಗಿಸು" ಎಂದವನು ನಾನು. ಆಯುಧಪೂಜೆಗೆ ಬಂದವನನ್ನು ನೋಡಿ "ಮೊಗ ಮಾತೇ ಆಡ್ತಿಲ್ಲ ಕಣಪ್ಪ, ಬಸ್ಸಾರು ಮಾಡಿದ್ರೂ ಬ್ಯಾಡ ಅಂತದೆ" ಎಂದವಳು ಓದು ಬಾರದ ನನ್ನ ಅವ್ವ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ನಿಜ. ಆದರೆ ನಮ್ಮೆಲ್ಲರಿಗಿಂತ ಮೊದಲು ಕಂಡದ್ದು ಅವಳಿಗೇ.

ನಿಮ್ಹಾನ್ಸ್ ಎಂಬುದು ಬೈಗುಳವೆಂದೇ ತಿಳಿದು ಬೆಳೆದವನು ನಾನು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡುವಾಗ, ಪಕ್ಕದ ಮನೆಗೆ ಕೇಳಿಸೀತೆಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡಿದ್ದೆ. ಕನ್ನಡದಲ್ಲೇ ಮಾತಾಡಿದರು, ಕಾಸು ಕೇಳಲಿಲ್ಲ. "ಎಷ್ಟು ದಿನದಿಂದ ನಿದ್ದೆ ಇಲ್ಲ?" ಎಂದರು. ಗೊತ್ತಿರಲಿಲ್ಲ. ಫಿಸಿಕ್ಸಿನ ಪರ್ಸೆಂಟೇಜು ಮಾತ್ರ ದಶಾಂಶದ ಸಮೇತ ಬಾಯಿಪಾಠವಿತ್ತು.

ಒಂದೇ ಬೇಡಿಕೆ. ಆ ಬೀಗದ ಕೈ ಕೊಡಿಸಿ. ಓಎಂಆರ್ ಕಟ್ಟುಗಳನ್ನು ಹೊರಗೆ ಹಾಕಲು ಭಾನುವಾರ ನಾನೇ ಬರುತ್ತೇನೆ. ಅವತ್ತು ಟೆಸ್ಟಿದೆ, ಗೊತ್ತು. ಮಗ ಊರಲ್ಲಿ ಮಲಗಿರುತ್ತಾನೆ. ಸಂಜೆ ಆರಕ್ಕೆ ದಯವಿಟ್ಟು ಮೆಸೇಜು ಬೇಡ, ಎಚ್ಚರವಾದೀತು.

ಇತಿ,
ರೋಲ್ ನಂಬರ್ 67ರ ಅಪ್ಪ