ಟೀಮ್ ಲೀಡರ್ ಅಂಕಲ್

ಭದ್ರಾವತಿಯಲ್ಲಿ ರಿಟೈರ್ ಆದವರಲ್ಲಿ ಮೂರು ಪಂಗಡ. ಊರಾಚೆ ಎರಡೆಕರೆ ಅಡಿಕೆ ಹಾಕಿ, ಸಿಕ್ಕವರ ಹತ್ತಿರವೆಲ್ಲ ಕೊಳೆರೋಗದ ಮಾತಾಡುವವರು ಒಂದು. ಕಾರ್ಖಾನೆ ಮತ್ತೆ ಶುರುವಾಗುತ್ತದೆ ಎಂಬ ಸುದ್ದಿಗಾಗಿ ದಿನಾ ಬೆಳಿಗ್ಗೆ ಪೇಪರ್ ತಿರುವಿಹಾಕುವವರು ಇನ್ನೊಂದು. 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ ವಿಐಎಸ್‌ಎಲ್ ಕಾರ್ಖಾನೆಯನ್ನು, ನೂರು ತುಂಬಬೇಕಾದ 2023ರ ಜನವರಿಯಲ್ಲೇ ಮುಚ್ಚಲು ತೀರ್ಮಾನವಾದ ಮೇಲೆ ಈ ಎರಡನೆಯ ಪಂಗಡ ಬಹಳ ದೊಡ್ಡದಾಗಿದೆ. ಮೂರನೆಯವರು ಚರ್ಚಿಗೆ ಸೇರಿಕೊಳ್ಳುವವರು. ಚರ್ಚಿಗೆ ಮೊದಲಿಂದಲೂ ಬರುತ್ತಿದ್ದರು, ಇಲ್ಲವೆಂದಲ್ಲ. ಈಗ ಮೈಕಿನ ವೈರು, ಜನರೇಟರಿನ ಡೀಸೆಲ್ಲು, ಕಾಣಿಕೆ ಚೀಲದ ಹೊಲಿಗೆ, ಬಾಗಿಲಲ್ಲಿ ಚಪ್ಪಲಿ ಬಿಡುವ ಸಾಲು, ಎಲ್ಲದಕ್ಕೂ ಅವರೇ.

ಟೀಮ್ ಲೀಡರ್ ಅಂಕಲ್ ಈ ಮೂರನೆಯವರು. ಹೆಸರು ಬೇಡ. ಶಿವಮೊಗ್ಗದಿಂದ ಭದ್ರಾವತಿವರೆಗೆ ಯಾವ ಚರ್ಚಿನಲ್ಲಿ ವಿಚಾರಿಸಿದರೂ ‘ಓ, ಅವರಾ’ ಎಂದು ಒಬ್ಬೊಬ್ಬರು ಒಬ್ಬೊಬ್ಬರನ್ನು ತೋರಿಸುತ್ತಾರೆ. ನಮ್ಮವರು ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಫಿಟ್ಟರ್ ಆಗಿದ್ದವರು. ಹೊರಗೆ ಬಂದರೂ ಶಿಫ್ಟು ಬಿಟ್ಟಿಲ್ಲ. ಉಪವಾಸ ಕೂಟದ ಪ್ರಾರ್ಥನೆಗೂ ಎ ಶಿಫ್ಟ್, ಬಿ ಶಿಫ್ಟ್, ನೈಟ್ ಶಿಫ್ಟ್ ಎಂದು ಪಟ್ಟಿ ಹಚ್ಚುತ್ತಾರೆ. ರಿಲೀವರ್ ಬಾರದೆ ಯಾರೂ ಆಮೆನ್ ಹೇಳುವಂತಿಲ್ಲ.

ಅವರಿಗೆ ವಿದೇಶದ ರುಚಿ ಹತ್ತಿದ್ದು 2019ರಲ್ಲಿ, ಜೋರ್ಡಾನ್, ಇಸ್ರೇಲ್, ಈಜಿಪ್ಟ್ ಎಂದು ಒಂದೇ ಉಸಿರಿಗೆ ಮೂರು ದೇಶ ತೋರಿಸುವ ಪವಿತ್ರ ನಾಡಿನ ಟೂರಿನಲ್ಲಿ. ಅದಾದ ಮೇಲೆ ಪಾಸ್ಟರ್ ಯೆರಿಕೋ ಎಂದರೆ ಸಾಕು, ಅಂಕಲ್ ಮುಂದಿನ ಬೆಂಚಿನಲ್ಲಿ ಕೂತು ಕೈಯನ್ನು ಇಳಿಜಾರಾಗಿ ಹಿಡಿದು ರಸ್ತೆ ಎಷ್ಟು ಇಳಿಯುತ್ತದೆ ಎಂದು ಸಭೆಗೆ ತೋರಿಸುತ್ತಾರೆ. ಯೊರ್ದನ್ ಹೊಳೆ ಮಾತ್ರ ಅವರ ಮನಸ್ಸಿಗೆ ಬರಲಿಲ್ಲ. ‘ಇದೇನ್ರೀ, ನಮ್ಮ ಭದ್ರಾ ನಾಲೆ ಇದಕ್ಕಿಂತ ಅಗಲ ಇದೆ’ ಎಂದು ಅಲ್ಲೇ ಹೇಳಿಬಿಟ್ಟರಂತೆ. ಗಲಿಲಾಯ ಸಮುದ್ರದಲ್ಲಿ ದೋಣಿಯವನು ತ್ರಿವರ್ಣ ಧ್ವಜ ಏರಿಸಿ ಜನಗಣಮನ ಹಾಕಿದ. ಅಲ್ಲಿ ಬಂದವರು ಯಾವ ದೇಶದವರೋ ಆ ದೇಶದ ಬಾವುಟ ಏರಿಸುವುದು ದೋಣಿಯವರ ದಿನನಿತ್ಯದ ಕೆಲಸ. ಅಂಕಲ್ ಮಾತ್ರ ‘ಸಾವಧಾನ್’ ಎಂದು ಕೂಗಿ ಮೂವತ್ತು ಜನರನ್ನು ಒಟ್ಟಿಗೆ ಎಬ್ಬಿಸಿ ದೋಣಿಯನ್ನು ವಾಲಿಸಿದರು. ಆಮೇಲೆ ದಡದ ಹೋಟೆಲಿನಲ್ಲಿ ಪೇತ್ರನ ಮೀನಿನ ಊಟ. ಮೀನಿನ ಬಾಯಲ್ಲಿ ನಾಣ್ಯ ಸಿಕ್ಕಿತೆಂದು ಮತ್ತಾಯನ ಸುವಾರ್ತೆಯಲ್ಲಿದೆಯಲ್ಲ, ಅದೇ ಮೀನು ಎಂದು ಅಲ್ಲಿ ಹುರಿದು ಬಡಿಸುತ್ತಾರೆ. ಅಂಕಲ್ ಫೋರ್ಕಿನಿಂದ ಬಾಯಿ ಅಗಲಿಸಿ ನೋಡುತ್ತಿದ್ದಾಗ ಪಕ್ಕದಲ್ಲಿದ್ದ ಅವರ ಹೆಂಡತಿ, ‘ರೀ, ಇದು ನಮ್ಮ ಜಿಲೇಬಿ ಮೀನಲ್ವಾ?’ ಎಂದರು. ಹೌದು, ತಿಲಾಪಿಯಾ. 1952ರಲ್ಲಿ ಅದರ ಆಫ್ರಿಕಾದ ಒಂದು ಜಾತಿಯನ್ನು ಭಾರತಕ್ಕೆ ತಂದು ಬಿಟ್ಟರು, ಈಗ ನಮ್ಮ ಕೆರೆಕಟ್ಟೆಗಳಲ್ಲೆಲ್ಲ ಅದರದೇ ರಾಜ್ಯ. ಮನೆಯಲ್ಲಿ ಮಾಡಿದರೆ ತಟ್ಟೆ ಸರಿಸುವ ಅಂಕಲ್ ಅಲ್ಲಿ ಮುಳ್ಳನ್ನೂ ಚೀಪಿದರು.

2023ರ ಅಕ್ಟೋಬರಿನಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಪವಿತ್ರ ನಾಡಿನ ಟೂರುಗಳು ನಿಂತವು. ಅದೇ ತಿಂಗಳ ಕೊನೆಯ ಭಾನುವಾರ ಅಂಕಲ್ ಎದ್ದು ನಿಂತು, ‘ದೇವರು ನನಗೆ ನೇಪಾಳದ ಬಗ್ಗೆ ಭಾರ ಕೊಟ್ಟಿದ್ದಾನೆ’ ಎಂದರು. ಟೂರಿನ ಕಾಲ ಮುಗಿಯಿತು, ಇನ್ನು ಮಿಷನ್ ಟ್ರಿಪ್. ದೇವರು ನೇಪಾಳವನ್ನೇ ಆರಿಸಿದ್ದರಲ್ಲಿ ಒಂದು ಅನುಕೂಲವೂ ಇತ್ತು: ಭಾರತೀಯರಿಗೆ ವೀಸಾ ಬೇಡ, ವೋಟರ್ ಐಡಿ ಇದ್ದರೆ ಪಾಸ್‌ಪೋರ್ಟೂ ಬೇಡ.

ಜನ ಕೂಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ‘ಯೋಚನೆ ಮಾಡಬೇಡಿ ಸಿಸ್ಟರ್, ಇದು ದೇವರ ಕರೆ. ಅಡ್ವಾನ್ಸ್ ಮಾತ್ರ ಶುಕ್ರವಾರದ ಒಳಗೆ ಕೊಟ್ಟುಬಿಡಿ.’ ಹೀಗೆ ಕರೆ ಕೇಳಿಸಿಕೊಂಡವರು ಅಂಕಲ್ ಮತ್ತು ಅವರ ಹೆಂಡತಿ ಸೇರಿ ಹನ್ನೊಂದು ಮಂದಿ. ಪಾಸ್ಟರ್, ಸ್ತ್ರೀ ಸಭೆಯ ಆಂಟಿಯರು, ಲೆಕ್ಕ ಬರೆಯಲು ಶಿವಮೊಗ್ಗದ ಒಬ್ಬ ಪಿಯು ಲೆಕ್ಚರರ್ ಮೇಡಂ, ಗಿಟಾರ್ ಹುಡುಗ ಮತ್ತು ಅವನು ಬರುತ್ತಾನೆಂದು ಬಂದ ಇನ್ನಿಬ್ಬರು ಹುಡುಗರು. ನನಗೂ ಕರೆ ಬಂದಿತ್ತು. ನಾನು ಎರಡು ಸಾವಿರ ಕೊಟ್ಟು ಮನೆಯಲ್ಲುಳಿದೆ. ಮುಂದಿನದೆಲ್ಲ ಗಿಟಾರ್ ಹುಡುಗನ ಮತ್ತು ಅಂಕಲ್ ಹೆಂಡತಿಯ ಬಾಯಿಂದ ಕೇಳಿದ್ದು. ಇಬ್ಬರ ಮಾತೂ ಒಂದಕ್ಕೊಂದು ತಾಳೆಯಾಗುವ ಕಡೆ ಮಾತ್ರ ಬರೆಯುತ್ತಿದ್ದೇನೆ.

ಮೊದಲ ಜಗಳ ಟೀ ಶರ್ಟಿನದು. ದುರ್ಗಿಗುಡಿಯಲ್ಲಿ ಪ್ರಿಂಟಾಗಿ ಬಂದ ಬಿಳಿ ಶರ್ಟಿನ ಮೇಲೆ ‘ನೇಪಾಳ ಮಿಷನ್ ಟೀಮ್, ಶಿವಮೊಗ್ಗ’ ಎಂದಿತ್ತು. ಭದ್ರಾವತಿಯವರು ಅದನ್ನು ಮುಟ್ಟಲಿಲ್ಲ. ಶಿವಮೊಗ್ಗದವರಿಗೆ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ತಲೆ ನಿಲ್ಲುತ್ತಿಲ್ಲ ಎಂಬವರೆಗೂ ಮಾತು ಹೋಯಿತು. ನಗರಾಭಿವೃದ್ಧಿ ಪ್ರಾಧಿಕಾರಕ್ಕೇ ಶಿವಮೊಗ್ಗ-ಭದ್ರಾವತಿ ಎಂದು ನಡುವೆ ಗೆರೆ ಎಳೆದು ಹೆಸರಿಟ್ಟಿದ್ದಾರೆ, ಅಂಗಿಗೆ ಇಡಲು ಏನು ಕಷ್ಟ ಎಂದು ಲೆಕ್ಚರರ್ ಮೇಡಂ ಕೇಳಿದ ಮೇಲೆ ಎರಡನೇ ಸಲ ಪ್ರಿಂಟ್ ಹಾಕಿಸಿದರು.

2024ರ ಮೇ 7ಕ್ಕೆ ಶಿವಮೊಗ್ಗದಲ್ಲಿ ಲೋಕಸಭೆಯ ಮತದಾನ. ಎಲ್ಲರೂ ವೋಟು ಹಾಕಿ ಬೆರಳಿನ ಶಾಯಿ ಮಾಸುವ ಮೊದಲೇ, ಅದೇ ಗುರುತಿನ ಚೀಟಿ ಹಿಡಿದು ಹೊರಟರು. ಬೀಳ್ಕೊಡುಗೆ ಕೂಟದಲ್ಲಿ ಒಬ್ಬ ಹಿರಿಯರು ಈ ತಂಡವನ್ನು 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರಿಗೆ ಹೋಲಿಸಿದರು, ಕಿಟ್ಟೆಲರನ್ನೂ ನೆನೆದರು. ಕಿಟ್ಟೆಲ್ ಬಂದದ್ದು 1853ರಲ್ಲಿ, ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಮ್ಮವರದು ಹೋಗಿ ಬರುವ ರೈಲು ಸೇರಿ ಹತ್ತು ದಿನ. ‘ಕಿಟ್ಟೆಲ್‌ಗೆ ರಿಟರ್ನ್ ಟಿಕೆಟ್ ಕನ್‌ಫರ್ಮ್ ಆಗಿರಲಿಲ್ಲ, ಪಾಪ’ ಎಂದು ನನ್ನ ಹಿಂದೆ ಯಾರೋ ಪಿಸುಗುಟ್ಟಿದರು.

ಸಾಮಾನು ನೋಡಬೇಕಿತ್ತು. ನೇಪಾಳ ಎಂದರೆ ಹಿಮಾಲಯ, ಹಿಮಾಲಯ ಎಂದರೆ ಚಳಿ. ಹಾಗಾಗಿ ತಲೆಗೊಂದು ಸ್ವೆಟರು, ಮಂಕಿ ಕ್ಯಾಪು, ಉಲ್ಲನ್ ಕಾಲುಚೀಲ. ಹೊಟ್ಟೆಗೆ ಚಕ್ಕುಲಿ, ಕೋಡುಬಳೆ, ಮಾವಿನಮಿಡಿ ಉಪ್ಪಿನಕಾಯಿ, ಅವಲಕ್ಕಿ. ಒಬ್ಬ ಆಂಟಿ ಮಾವಿನಮಿಡಿ ಎಂದು ಚೀಟಿ ಅಂಟಿಸಿದ ಡಬ್ಬದಲ್ಲಿ ಹಂದಿ ಮಾಂಸದ ಉಪ್ಪಿನಕಾಯಿ ತಂದಿದ್ದರು. ರೈಲಿನಲ್ಲಿ ಎದುರು ಸೀಟಿನ ಶುದ್ಧ ಸಸ್ಯಾಹಾರಿ ಯಜಮಾನರು ‘ಮಲೆನಾಡಿನ ಮಿಡೀನಾ? ಒಂದು ಕೊಡಿ’ ಎಂದು ಕೈ ಚಾಚಿದಾಗ ಇಡೀ ಟೀಮು ಕಣ್ಣುಮುಚ್ಚಿ ಪ್ರಾರ್ಥನೆಗೆ ಇಳಿಯಬೇಕಾಯಿತು. ಆ ಟ್ರಿಪ್ಪಿನಲ್ಲಿ ಎಲ್ಲರೂ ಒಂದೇ ಮನಸ್ಸಿನಿಂದ ಮಾಡಿದ ಪ್ರಾರ್ಥನೆ ಅದೊಂದೇ ಎಂದು ಗಿಟಾರ್ ಹುಡುಗ ಹೇಳುತ್ತಾನೆ.

ಯಶವಂತಪುರದಿಂದ ಗೋರಖಪುರಕ್ಕೆ ಎರಡು ದಿನದ ಹತ್ತಿರ. ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ. ಬಸ್ಸಿನಲ್ಲಿ ಕೂತ ಮೇಲೆ ಲೆಕ್ಚರರ್ ಮೇಡಂ ಫೋನಿನಲ್ಲಿ ಓದಿಕೊಂಡಿದ್ದನ್ನು ಮೆಲ್ಲಗೆ ಹೊರಬಿಟ್ಟರು. ನೇಪಾಳದ 2015ರ ಸಂವಿಧಾನ ಮತಾಂತರ ಮಾಡಿಸುವುದನ್ನು ನಿಷೇಧಿಸಿದೆ. 2018ರಿಂದ ಜಾರಿಯಲ್ಲಿರುವ ಅಪರಾಧ ಸಂಹಿತೆಯಲ್ಲಿ ಅದಕ್ಕೆ ಐದು ವರ್ಷದವರೆಗೆ ಸಜೆ ಇದೆ. ‘ನಾವು ಯಾರನ್ನೂ ಮತಾಂತರ ಮಾಡಲ್ಲವಲ್ಲ ಮೇಡಂ’ ಎಂದರು ಪಾಸ್ಟರ್. ‘ನಾವು ಮಾಡಲ್ಲ ಸರ್, ಅಂಗಿ ಮೇಲೆ ಬರೆದಿದೆಯಲ್ಲ’ ಎಂದರು ಮೇಡಂ. ಎರಡು ಸಲ ಪ್ರಿಂಟಾದ, ಎರಡೂ ಊರುಗಳ ಮಾನ ಹೊತ್ತ ಟೀ ಶರ್ಟುಗಳನ್ನು ಗಡಿ ಬರುವ ಮೊದಲು ಹನ್ನೊಂದು ಮಂದಿಯೂ ಒಳಗು ಹೊರಗು ಮಾಡಿ ಹಾಕಿಕೊಂಡರು. ‘ಆ ಕಡೆ ಹೋದ ಮೇಲೆ ಹಾಡು, ನಗು, ನಮಸ್ತೆ. ಅದಕ್ಕಿಂತ ಜಾಸ್ತಿ ಯಾರೂ ಬಾಯಿ ಬಿಡಕೂಡದು’ ಎಂದು ಲೀಡರ್ ಆರ್ಡರ್ ಹೊರಡಿಸಿದರು. ಬಾಯಿಲ್ಲದೆ ನಡೆಸಬೇಕಾದ ಮಿಷನ್ನಿಗೆ ಅವರೇ ಲೀಡರ್ ಆಗಿದ್ದು ದೇವರ ತಮಾಷೆಯೇ ಇರಬೇಕು.

ಗಡಿ ದಾಟಿದ ಕೂಡಲೇ ಅಂಕಲ್‌ಗೆ ಮೂರು ಆಘಾತ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಫ್ಯಾಕ್ಟರಿ ಸೈರನ್ನಿಗೆ ವಾಚು ಕೂಡಿಸಿಕೊಂಡು ಬಾಳಿದ ಮನುಷ್ಯನಿಗೆ ಒಂದು ಗಂಟೆ ವ್ಯತ್ಯಾಸವಾದರೆ ಅರ್ಥವಾಗುತ್ತದೆ, ಹದಿನೈದು ನಿಮಿಷ ಯಾವ ಲೆಕ್ಕ? ಎರಡನೆಯದು ವರ್ಷ. ಅಂಗಡಿಯ ಕ್ಯಾಲೆಂಡರಿನಲ್ಲಿ 2081 ಎಂದಿತ್ತು, ಅಲ್ಲಿ ನಡೆಯುವುದು ವಿಕ್ರಮ ಸಂವತ್. ಅಂಕಲ್ ಬಹಳ ಹೊತ್ತು ಆ ಕ್ಯಾಲೆಂಡರ್ ಮುಂದೆ ನಿಂತು ಪೆನ್ಶನ್ ಅರಿಯರ್ಸ್ ಲೆಕ್ಕ ಹಾಕಿದರಂತೆ. ಮೂರನೆಯದು ಬಿಸಿಲು. ಹಿಮಾಲಯ ಇನ್ನೂ ದೂರ, ಇವರು ನಿಂತಿದ್ದು ತರಾಯ್ ಬಯಲಿನಲ್ಲಿ, ಮೇ ತಿಂಗಳ ನಡುವೆ. ರೊಟ್ಟಿ ಹಂಚಿನ ಹಾಗೆ ಕಾದ ಆ ನೆಲದ ಮೇಲೆ ಹನ್ನೊಂದು ಸ್ವೆಟರುಗಳು ಚೀಲದಿಂದ ಹೊರಗೇ ಬರಲಿಲ್ಲ. ಮಂಕಿ ಕ್ಯಾಪುಗಳಲ್ಲಿ ಮಾವಿನಹಣ್ಣು ಹೊತ್ತರು. ಒಂದೇ ಒಂದು ಸಮಾಧಾನ ಎಂದರೆ ನಮ್ಮ ನೂರು ರೂಪಾಯಿಗೆ ಅಲ್ಲಿ ನೂರರುವತ್ತು. ಆಗ ನೂರಕ್ಕಿಂತ ದೊಡ್ಡ ನೋಟು ಅಲ್ಲಿ ನಡೆಯುತ್ತಿರಲಿಲ್ಲವಾದ್ದರಿಂದ ಅಂಕಲ್ ನೂರರ ಕಟ್ಟುಗಳನ್ನು ಸೊಂಟದ ಸುತ್ತ ಕಟ್ಟಿಕೊಂಡು ಬಂದಿದ್ದರು. ಸಂಜೆಯ ಹೊತ್ತಿಗೆ ನೋಟೂ ಅವರೂ ಒಟ್ಟಿಗೆ ಒದ್ದೆ.

ಭಾನುವಾರದ ಆರಾಧನೆಗೆಂದು ಎಂಟು ಹಾಡು ತಯಾರಾಗಿದ್ದವು. ಬೆಳಿಗ್ಗೆ ಎಲ್ಲರೂ ಸ್ನಾನ ಮಾಡಿ ಹೋದರೆ ಚರ್ಚಿನ ಬಾಗಿಲಿಗೆ ಬೀಗ. ನೇಪಾಳದಲ್ಲಿ ಆಗ ವಾರದ ರಜೆ ಶನಿವಾರ, ಚರ್ಚೂ ಶನಿವಾರವೇ. ಇವರು ಶನಿವಾರ ಪೂರ್ತಿ ಪ್ರಾಕ್ಟೀಸ್ ಮಾಡುತ್ತಿದ್ದರು. ಎರಡು ಮನೆ ಆಚೆ ಚಪ್ಪಾಳೆ, ಮಾದಲ್ ಡೋಲಿನ ಬಡಿತ ಕೇಳಿದಾಗ ಅಂಕಲ್ ಹುಡುಗರನ್ನು ಕಳಿಸಿ ‘ಸ್ವಲ್ಪ ಮೆಲ್ಲಗೆ ಬಾರಿಸೋಕೆ ಹೇಳಿ’ ಅಂದಿದ್ದರಂತೆ.

ಇನ್ನು ಸೇವೆ. ಹಳ್ಳಿಯ ಶಾಲೆಯೊಂದರ ಗೋಡೆಗೆ ಬಣ್ಣ ಹೊಡೆಯುವುದೆಂದು ಮೊದಲೇ ಮಾತಾಗಿತ್ತು. ಹೆಡ್‌ಮಾಸ್ತರರು ಬ್ರಶ್ಶು, ಡಬ್ಬ, ಏಣಿ ಎಲ್ಲ ತಯಾರಿಟ್ಟು ನಗುನಗುತ್ತಾ ಬರಮಾಡಿಕೊಂಡರು. ತಯಾರಿ ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿದೆ ಅನ್ನಿಸಿ ಅಂಕಲ್ ಸ್ಕ್ರೂ ಡ್ರೈವರಿನಿಂದ ಗೋಡೆಯ ಮೂಲೆ ಕೆರೆದು ನೋಡಿದರು. ಹಳದಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಗುಲಾಬಿ, ಅದರ ಕೆಳಗೆ ಹಸಿರು. ಹಳದಿ ಅಮೆರಿಕದ ತಂಡದ್ದು, ನೀಲಿ ಕೊರಿಯಾದ್ದು, ಗುಲಾಬಿ ಎಲ್ಲಿಯದೋ ಮಾಸ್ತರರಿಗೂ ಮರೆತಿತ್ತು. ಗೋಡೆಗೆ ಬಣ್ಣ ಬೇಕಾಗಿಲ್ಲ, ಬಂದವರಿಗೆ ಗೋಡೆ ಬೇಕು ಎಂಬುದು ಆ ಮನುಷ್ಯನಿಗೆ ಗೊತ್ತಿದ್ದ ಹಾಗಿದೆ. ನಮ್ಮವರು ಕ್ರೀಮ್ ಬಣ್ಣ ಹೊಡೆದರು. ಮೂರು ದಿನ ಹೊಡೆದರು. ಮೈಮೇಲೆ ಬಿದ್ದದ್ದು ಬಿಟ್ಟು ಉಳಿದದ್ದೆಲ್ಲ ಗೋಡೆಗೇ.

ಎರಡನೇ ದಿನ ಮಧ್ಯಾಹ್ನ ಬಣ್ಣ ಒಣಗಲಿ ಎಂದು ಕೂತಿದ್ದಾಗ ಅಂಗಳದ ಕೈಪಂಪು ಕಣ್ಣಿಗೆ ಬಿತ್ತು. ಮಕ್ಕಳು ಜೋತುಬಿದ್ದು ಒತ್ತಿದರೂ ಬರೀ ಗೊರಗೊರ ಸದ್ದು. ಅಂಕಲ್ ಯಾರನ್ನೂ ಕೇಳಲಿಲ್ಲ. ಬೋಲ್ಟು ಬಿಚ್ಚಿ, ರಾಡು ಎತ್ತಿ, ಕೈ ಒಳಗೆ ಹಾಕಿದರು. ಕೆಳಗಿನ ವಾಲ್ವಿನ ಚರ್ಮ ಕೊಳೆತು ಹರಿದಿತ್ತು. ಸುತ್ತ ನೋಡಿದರು. ಗಿಟಾರಿಗೆ ಚರ್ಮದ ಪಟ್ಟಿ ಇತ್ತು. ಹುಡುಗ ಬೇಡ ಅಂಕಲ್, ಬೇಡ ಅಂಕಲ್ ಎನ್ನುವಷ್ಟರಲ್ಲಿ ಒಂದು ತುದಿ ಕತ್ತರಿಸಿಯಾಗಿತ್ತು. ಹಳೆಯ ಚರ್ಮ ಇಟ್ಟು ಅಳತೆ ತೆಗೆದು, ದುಂಡಗೆ ಕೊಯ್ದು, ಮನೆಯಿಂದ ತಂದ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಕೂರಿಸಿದರು. ಎರಡು ತಾಸು ಒಂದು ಮಾತೂ ಆಡಲಿಲ್ಲ, ಯಾವ ಆರ್ಡರೂ ಇಲ್ಲ, ಯಾರಿಗೂ ಶಿಫ್ಟು ಹಾಕಲಿಲ್ಲ. ನೀರು ಬಂತು. ಮಕ್ಕಳಿಗಿಂತ ಮೊದಲು ಓಡಿಬಂದು ತಲೆಯೊಡ್ಡಿದವರು ಹೆಡ್‌ಮಾಸ್ತರರು. ಅಂಕಲ್ ಕೈ ತೊಳೆದುಕೊಂಡು ಮತ್ತೆ ಬ್ರಶ್ಶು ಹಿಡಿದರು. ಗಿಟಾರ್ ಹುಡುಗ ಉಳಿದ ದಿನಗಳಲ್ಲಿ ಗಿಟಾರನ್ನು ಸೆಣಬಿನ ಹಗ್ಗದಲ್ಲಿ ಕಟ್ಟಿಕೊಂಡು ಹಾಡಿದ.

ಊರಿಗೆ ಬಂದ ಮೇಲೆ ಸಾಕ್ಷಿ ಹೇಳುವ ಸಂಜೆ. ಪ್ರೊಜೆಕ್ಟರು, ಬಿಳಿ ಪಂಚೆಯ ಪರದೆ. ಅಂಕಲ್ ಗೋಡೆಯನ್ನು ಎಡದಿಂದ, ಬಲದಿಂದ, ಹೊಡೆಯುವ ಮೊದಲು, ಹೊಡೆದ ಮೇಲೆ, ಟೀಮಿನೊಂದಿಗೆ, ಟೀಮಿಲ್ಲದೆ ತೋರಿಸುತ್ತಾ ಹೋದರು. ನೇಪಾಳದ ಆತ್ಮಿಕ ಕತ್ತಲೆಯ ಬಗ್ಗೆಯೂ ಮಾತಾಡಿದರು. ನನಗೇನೋ ಆ ಫೋಟೋಗಳಲ್ಲಿ ಕತ್ತಲೆ ಕಾಣಲಿಲ್ಲ, ಎಲ್ಲ ಕಡೆ ಸುಡುಬಿಸಿಲು. ಹಿಂದಿನ ಬೆಂಚಿನಲ್ಲಿ ಕಾರ್ಖಾನೆಯ ಹಳಬರು ತೂಕಡಿಸುತ್ತಿದ್ದರು. ಅಷ್ಟರಲ್ಲಿ ಹುಡುಗನ ಬೆರಳು ತಪ್ಪಿಯೋ ಬೇಕೆಂತಲೋ ಪಂಪಿನ ವಿಡಿಯೋ ಓಡಿತು.

‘ಏಯ್, ಅದು ಬೇಡ ಕಣೋ. ಅದು ಫ್ಯಾಕ್ಟರಿ ಕೆಲಸ, ಅದನ್ನ ಯಾಕೆ ಹಾಕ್ತೀಯಾ? ಮುಂದಿಂದು ಹಾಕು.’

‘ಒಂದ್ನಿಮಿಷ, ಒಂದ್ನಿಮಿಷ,’ ಹಿಂದಿನ ಬೆಂಚು ಎದ್ದು ಕೂತಿತು. ‘ಹಿಂದೆ ಹಾಕಪ್ಪ ಸ್ವಲ್ಪ. ರಾಡು ಎಷ್ಟಿಂಚು?’

‘ಚರ್ಮ ಹಾಕಿದ್ಯಾ? ರಬ್ಬರ್ ಟ್ಯೂಬ್ ಸಿಗಲಿಲ್ವಾ ಮಾರಾಯ?’

‘ರಬ್ಬರ್ ಬಿಸಿಲಿಗೆ ಬಿರೀತದೆ. ಎಣ್ಣೆ ಕುಡಿಸಿದ್ರೆ ಚರ್ಮಾನೇ ಸೈ.’

ಅಂಕಲ್ ಉತ್ತರ ಕೊಡಬಾರದೆಂದು ಬಹಳ ಕಷ್ಟಪಟ್ಟರು. ಆಗಲಿಲ್ಲ. ಮೈಕು ಪಕ್ಕಕ್ಕಿಟ್ಟು, ಬಿಳಿ ಪರದೆಯ ಮೇಲೆ ಬೆರಳಿಟ್ಟು ವಾಲ್ವು ಎಲ್ಲಿ ಕೂತಿತ್ತೆಂದು ತೋರಿಸತೊಡಗಿದರು. ಪಾಸ್ಟರ್ ಎರಡು ಸಲ ಗಡಿಯಾರ ನೋಡಿ, ಮೂರನೇ ಸಲಕ್ಕೆ ಕಣ್ಣುಮುಚ್ಚಿ ಕೊನೆಯ ಪ್ರಾರ್ಥನೆ ಶುರು ಮಾಡಿಬಿಟ್ಟರು.

ಹೊರಗೆ ಸ್ತ್ರೀ ಸಭೆಯವರು ಟೀ ಕೊಡುತ್ತಿದ್ದಾಗ ಅಂಕಲ್ ನನ್ನನ್ನು ಮೂಲೆಗೆ ಕರೆದರು. ಜೇಬಿನಲ್ಲಿ ಆಗಲೇ ಫಾರಂ ಇತ್ತು. ‘ಬ್ರದರ್, ದೇವರು ಶ್ರೀಲಂಕಾದ ಬಗ್ಗೆ ಭಾರ ಕೊಟ್ಟಿದ್ದಾನೆ. ಇದಕ್ಕೆ ಪಾಸ್‌ಪೋರ್ಟ್ ಬೇಕು. ನಿಮ್ಮದು ಎಕ್ಸ್‌ಪೈರಿ ಯಾವಾಗ?’

ಅವರ ಹೆಂಡತಿ ಟೀ ಲೋಟ ಚಾಚಿದರು. ‘ಅಲ್ಲಿಗೆ ಹೋಗೋದಾದ್ರೆ ಒಂದು ವಿಷಯ ಮೊದಲೇ ಕೇಳಿಕೊಳ್ಳಿ ರೀ’ ಎಂದರು. ‘ಅಲ್ಲಿ ಗೋಡೆ ಇದೆಯಾ, ಪಂಪ್ ಇದೆಯಾ ಅಂತ.’